ಹೆಬ್ಬಾತಿಗೆ ಒಳ್ಳೆ ಸೌದೆ

ನಾನು ರಸ್ತೆ ಗುಡಿಸುವವಳು. ಹೆಸರು ಜುಂಬುಲಾ. ಚಳಿಗಾಲದಲ್ಲಿ ಮೂಗು ಸೀಟಿದರೆ ನನಗೆ ಕಪ್ಪಗೆ ಬರುತ್ತದೆ. ಉಗುಳಿದರೂ ಕಪ್ಪಗೆ. ಪಟ್ಟಣದ ಹೆಂಗಸರು ಕಿಟಕಿ ತೆರೆಯುತ್ತಾರೆ, ಕೆಳಗೆ ನನ್ನನ್ನು ನೋಡುತ್ತಾರೆ, ಮತ್ತೆ ಮುಚ್ಚುತ್ತಾರೆ. ಊರಿನ ಹೊಗೆಯೆಲ್ಲ ನನ್ನ ಮೈಯಿಂದಲೇ ಹೊರಟಿದೆ ಅನ್ನುವ ಹಾಗೆ.

ನಮ್ಮ ಕೇರಿ ಇರುವುದು ಗುಂಡಿಯಲ್ಲಿ. ಹಿಂದೆ ಇಟ್ಟಿಗೆ ಕಾರ್ಖಾನೆಯವರು ಮಣ್ಣು ಬಗೆದು ಬಗೆದು ಮಾಡಿದ ಗುಂಡಿ. ಕಾರ್ಖಾನೆ ಮುಚ್ಚಿತು, ಗುಂಡಿ ಉಳಿಯಿತು. ಅದರಲ್ಲಿ ನಮ್ಮನ್ನು, ಊರವರು ಜಿಪ್ಸಿಗಳು ಅನ್ನುವ ರೋಮಾ ಜನರನ್ನು, ತಂದು ಇಳಿಸಿದರು. ಪಟ್ಟಣವೇ ಬೆಟ್ಟಗಳ ನಡುವಿನ ಬೋಗುಣಿ. ನಾವು ಅದರ ತಳದ ಗಸಿ.

ನನ್ನ ಅತ್ತೆ ಹನ್ಕೂಷಾ ಮದುವೆಯಾಗಿ ಬಂದ ಕಾಲದಲ್ಲಿ ಜನವರಿಯಲ್ಲಿ ಹಿಮ ಕಿಟಕಿಯವರೆಗೆ ಬೀಳುತ್ತಿತ್ತಂತೆ. ಹಿಮದ ಬೆನ್ನಿಗೇ ಗಾಳಿ. ಆ ಗಾಳಿ ಗುಂಡಿಗಿಳಿದು ಹೊಗೆಯನ್ನೆಲ್ಲ ಬಾಚಿಕೊಂಡು ಹೋಗುತ್ತಿತ್ತಂತೆ. ಈಗ ಹಿಮವೂ ಇಲ್ಲ, ಗಾಳಿಯೂ ಇಲ್ಲ. ನವೆಂಬರಿನಲ್ಲಿ ಕೂತ ಮಂಜು ಫೆಬ್ರವರಿಯವರೆಗೆ ಮೇಲೇಳುವುದಿಲ್ಲ. ಮೇಲೆ ಬೆಚ್ಚನೆ ಗಾಳಿ ಮುಚ್ಚಿಕೊಂಡಿದೆ, ಕೆಳಗೆ ತಣ್ಣನೆ ಗಾಳಿ ಸಿಕ್ಕಿಬಿದ್ದಿದೆ, ಹಾಗಾಗಿ ಹೊಗೆ ಏರುವುದಿಲ್ಲ ಎಂದು ರೇಡಿಯೋದವನು ಹೇಳುತ್ತಾನೆ. ಹವಾಮಾನ ಬದಲಾಗಿದೆ ಎನ್ನುತ್ತಾನೆ. ಮಕ್ಕಳನ್ನು ಹೊರಗೆ ಬಿಡಬೇಡಿ, ಕಿಟಕಿ ಭದ್ರವಾಗಿ ಮುಚ್ಚಿ ಎನ್ನುತ್ತಾನೆ. ನಮ್ಮ ಕಿಟಕಿಗೆ ಗಾಜಿಲ್ಲ, ಪ್ಲಾಸ್ಟಿಕ್ ಹಾಳೆ. ಹೊಗೆ ಹೊರಗಿನದೋ ಒಳಗಿನದೋ ನಮಗೆ ಗೊತ್ತಾಗುವುದಿಲ್ಲ.

ನನ್ನ ಮಗಳು ನೆವ್ರೀಯಾಗೆ ನಾಲ್ಕು ವರ್ಷ. ಮಂಜು ಇಳಿಯಿತೆಂದರೆ ಅವಳಿಗೆ ಉಬ್ಬಸ ಶುರುವಾಗುತ್ತದೆ. ಉಸಿರು ಎಳೆದಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಹೋಗುತ್ತದೆ. ಕುತ್ತಿಗೆಯ ಕೆಳಗೆ ಗುಳಿ ಬೀಳುತ್ತದೆ. ಕಫ ಬರುತ್ತದೆ, ಅದನ್ನು ಉಗುಳುವುದಕ್ಕೆ ಬರುವುದಿಲ್ಲ, ನುಂಗುತ್ತಾಳೆ, ಆಮೇಲೆ ವಾಂತಿ. ನಾನು ಬೆರಳು ಹಾಕಿ ತೆಗೆಯುತ್ತೇನೆ. ಹಗಲೆಲ್ಲ ಊರಿನವರ ನಾಯಿಯ ಹೇಲು ಬಳಿದ ಬೆರಳು ಅದು. ಎಷ್ಟು ತೊಳೆದರೂ ನನಗೇ ಅಸಹ್ಯ.

ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ಎದೆಗೆ ಕೊಳವೆ ಇಟ್ಟು ಕೇಳಿ, ಮೂಗಿಗೆ ಆವಿಯ ಮುಖವಾಡ ಹಾಕಿ, ಪ್ರತಿಸಲವೂ ಒಂದೇ ಪ್ರಶ್ನೆ ಕೇಳುತ್ತಾರೆ.

"ಮನೇಲಿ ಏನು ಸುಡ್ತೀರಿ?"

"ಸಿಕ್ಕಿದ್ದು ಸುಡ್ತೀವಿ."

"ಅದೇ ನೋಡಿ ಕಾರಣ. ಮಗೂಗೆ ಗಾಳಿ ಬದಲಾವಣೆ ಬೇಕು. ಬೆಟ್ಟದ ಮೇಲೆ ಒಂದೆರಡು ವಾರ ಇಟ್ರೆ ಎಷ್ಟೋ ವಾಸಿ."

"ಬೆಟ್ಟದ ಮೇಲೆ ಯಾರ ಮನೇಲಿ ಇಡಾನ ತಾಯಿ?"

ಅದಕ್ಕೆ ಅವರಲ್ಲಿ ಔಷಧವಿಲ್ಲ. ಪಟ್ಟಣದವರು ಭಾನುವಾರ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ. ಉಸಿರಾಡಿ ಬರುತ್ತಾರೆ. ಮೇಲೆ ಬಿಸಿಲಂತೆ. ಕೆಳಗೆ ನೋಡಿದರೆ ಬಿಳಿ ಹಾಸಿಗೆ ಹಾಸಿದ ಹಾಗೆ ಮಂಜು ಕಾಣುತ್ತದಂತೆ, ನೋಡಲು ಬಲು ಚೆಂದವಂತೆ. ಫೋಟೋ ತೆಗೆಯುತ್ತಾರೆ. ಆ ಹಾಸಿಗೆಯ ಅಡಿಯಲ್ಲಿ ನಾವು ಕೆಮ್ಮುತ್ತಿರುತ್ತೇವೆ.

ವಾಸಿಲಿತ್ಸಾ ನಮಗೆ ವರ್ಷದ ದೊಡ್ಡ ಹಬ್ಬ, ಹೊಸ ವರ್ಷ ಅದೇ. ಹಬ್ಬಕ್ಕೆ ವಾರವಿರುವಾಗ ಗುಂಡಿಯ ಅಂಚಿಗೆ ಲಾರಿಯೊಂದು ಬಂದು ನಿಂತಿತು. ಮುಂದೆ ಬಟ್ಟೆಯ ಫಲಕ: ಪುರಸಭೆಯ ಚಳಿಗಾಲದ ನೆರವು. ಹಿಂದೆಲ್ಲ ಸೌದೆ ಕೊಡುತ್ತಿದ್ದರು, ಹಸಿಯೋ ಒಣವೋ ಮರವಂತೂ ಹೌದು. ಈ ಸಲ ಲಾರಿಯಿಂದ ಸುರಿದದ್ದು ಹಲಗೆ. ಯಾವುದೋ ಪೀಠೋಪಕರಣದ ಕಾರ್ಖಾನೆಯಲ್ಲಿ ಕತ್ತರಿಸಿ ಮಿಕ್ಕ ತುಂಡುಗಳು. ಮರದ ಪುಡಿಯನ್ನು ಅಂಟು ಹಾಕಿ ಒತ್ತಿ, ಮೇಲೆ ಬಿಳಿಯ ಪ್ಲಾಸ್ಟಿಕ್ ಚರ್ಮ ಅಂಟಿಸಿದ್ದು. ಬಿಸಾಡಬೇಕಾದರೆ ಅವರು ದುಡ್ಡು ಕೊಡಬೇಕಿತ್ತು. ನಮಗೆ ಕೊಟ್ಟರೆ ದಾನವಾಯಿತು.

ನಾವು ಮುಗಿಬಿದ್ದೆವು. ಸುಳ್ಳು ಯಾಕೆ ಹೇಳಲಿ. ಹೆಂಗಸರು ಮಡಿಲಲ್ಲಿ ತುಂಬಿದರು, ಮಕ್ಕಳು ತಲೆಯ ಮೇಲೆ ಹೊತ್ತರು. ನನ್ನ ಗಂಡ ಇಲ್ಯಾಜ್ ಗುಜರಿ ಆಯುವ ತನ್ನ ಮೂರು ಗಾಲಿ ಸೈಕಲ್ಲಿನಲ್ಲಿ ಎರಡು ಸಲ ತುಂಬಿಕೊಂಡು ಬಂದ. ಸಮಾಜ ಕಲ್ಯಾಣ ನೋಡಿಕೊಳ್ಳುವ ಕೌನ್ಸಿಲರ್ ರಾದಿವೊಯೆ ಲಾರಿಯ ಪಕ್ಕ ನಿಂತು ಕ್ಯಾಮೆರಾಕ್ಕೆ ನಕ್ಕರು. ಕರವಸ್ತ್ರ ಮೂಗಿಗೆ ಹಿಡಿದಿದ್ದರು. ಕ್ಯಾಮೆರಾ ತಿರುಗಿದಾಗ ಮಾತ್ರ ತೆಗೆಯುತ್ತಿದ್ದರು.

ಆ ಹಲಗೆ ಚೆನ್ನಾಗಿ ಹೊತ್ತುತ್ತದೆ. ಒಲೆಯ ತಗಡು ಕೆಂಪಗಾಗುತ್ತದೆ. ಆದರೆ ಅದರ ಹೊಗೆ ಕಣ್ಣಿಗೆ ಚುಚ್ಚುತ್ತದೆ, ನಾಲಿಗೆಯ ಮೇಲೆ ಸಿಹಿ ಸಿಹಿಯಾಗಿ ಕೂರುತ್ತದೆ. ಬ್ರೆಡ್ಡು ತಿಂದರೂ ಅದೇ ರುಚಿ, ಕಾಫಿ ಕುಡಿದರೂ ಅದೇ ರುಚಿ.

ಮಾರನೆಯ ದಿನ ಪೊರಕೆ ಕೊಡುವಾಗ ನಮ್ಮ ಮೇಸ್ತ್ರಿ ಮಿಲೂಟಿನ್ ನನ್ನನ್ನು ಪಕ್ಕಕ್ಕೆ ಕರೆದ.

"ಜುಂಬುಲಾ, ನಿನ್ನ ಅದೃಷ್ಟ ತೆರೀತು. ವಾಸಿಲಿತ್ಸಾ ದಿನ ಕೌನ್ಸಿಲರ್ ಸಾಹೇಬ್ರು ನಿಮ್ಮನೆಗೆ ಮೊದಲ ಅತಿಥಿಯಾಗಿ ಬರ್ತಾರೆ. ಟಿವಿಯವರೂ ಬರ್ತಾರೆ."

"ನಮ್ಮನೆಗೇ ಯಾಕೆ?"

"ನೀನು ಪುರಸಭೆ ಕೆಲಸದವಳು, ಸ್ವಲ್ಪ ಚೊಕ್ಕಟ ಇದ್ದೀಯ. ಎಳೇ ಮಗು ಬೇರೆ ಇದೆ, ಚಿತ್ರ ಚೆನ್ನಾಗಿ ಬರುತ್ತೆ."

"ಬ್ಯಾಡ ಅಂದ್ರೆ?"

ಅವನು ಪುರಸಭೆ ಕೊಟ್ಟ ನನ್ನ ಕಿತ್ತಳೆ ಬಣ್ಣದ ಮೇಲಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೇರ ಮಾಡಿದ. "ಇದನ್ನ ಹಾಕ್ಕೊಳ್ಳೋಕೆ ಎಷ್ಟು ಜನ ಕಾಯ್ತಿದಾರೆ ಗೊತ್ತಲ್ಲ?"

ಮೊದಲ ಅತಿಥಿ ಅಂದರೆ ನಮ್ಮಲ್ಲಿ ಆಟವಲ್ಲ. ಹಬ್ಬದ ಬೆಳಿಗ್ಗೆ ಹೊಸ್ತಿಲು ದಾಟಿ ಬರುವ ಮೊದಲ ಕಾಲಿನ ಮೇಲೆ ಮನೆಯ ವರ್ಷ ನಿಂತಿದೆ. ಕಾಲ್ಗುಣ ಒಳ್ಳೆಯದಿದ್ದವರನ್ನು ನೋಡಿ ಕರೆಯುತ್ತೇವೆ. ಅವರು ಬಂದು ಒಲೆಯ ಬೆಂಕಿ ಕೆದಕಿ ಹರಸಬೇಕು. ಹಬ್ಬಕ್ಕೆಂದು ಸುಟ್ಟ ಹೆಬ್ಬಾತಿನ ಮೊದಲ ತುಂಡು ತಿನ್ನಬೇಕು. ಹೋಗುವಾಗ ನಾವು ಕೊಟ್ಟದ್ದನ್ನು ತೆಗೆದುಕೊಂಡು ಹೋಗಬೇಕು. ಅವರಿಗಿಂತ ಮೊದಲು ಮನೆಯವರೇ ಆದರೂ ಹೊರಗಿನಿಂದ ಒಳಗೆ ಕಾಲಿಡುವಂತಿಲ್ಲ. ಹಿಂದಿನ ದಿನದಿಂದ ಹಬ್ಬ ಮುಗಿಯುವವರೆಗೆ ಒಲೆ ಆರುವಂತಿಲ್ಲ, ಬೂದಿ ಹೊರಗೆ ಹಾಕುವಂತಿಲ್ಲ.

ಅತ್ತೆ ಕೇಳಿ ಒಂದು ಮಾತು ಅಂದಳು. "ಆ ಮೂಗು ಮುಚ್ಕೊಂಡೋನ ಕಾಲಾ?" ಆಮೇಲೆ ಅತಿಥಿಗೆ ಕೊಡುವ ಟವೆಲ್ಲನ್ನು ತೆಗೆದಿಡಲು ಹೋದಳು. ನನ್ನ ಮೇಲಂಗಿಯ ಸಂಬಳದಲ್ಲೇ ಅವಳೂ ಉಣ್ಣುವುದು.

ಹಬ್ಬದ ಹಿಂದಿನ ದಿನ ಅತ್ತೆ ಮಂಚದ ಕೆಳಗಿನಿಂದ ಮೂಟೆಯೊಂದನ್ನು ಎಳೆದಳು. ಓಕ್ ಮರದ ಸೌದೆ. ಬೇಸಿಗೆಯಲ್ಲಿ ನದಿ ದಂಡೆಯಿಂದ ಒಂದೊಂದೇ ಕೊಂಬೆ ಹೊತ್ತು ತಂದು, ಬಿಸಿಲಿಗೆ ಹಾಕಿ, ಕೂಡಿಟ್ಟದ್ದು. ಅದನ್ನು ಅಂಗಳದ ತಗಡಿನ ಪೀಪಾಯಿ ಒಲೆಯ ಪಕ್ಕ ಚೆಂದವಾಗಿ ಒಟ್ಟಿದಳು.

"ಇದು ಬಾತಿಗೆ. ಯಾರೂ ಮುಟ್ಬ್ಯಾಡಿ. ಒಳಗಿನ ಒಲೆಗೆ ಹಲಗೆ ಹಾಕಿ."

"ಕೂಸಿಗೆ ಆ ಹೊಗೆ ಆಗಲ್ಲ ಕಣತ್ತೆ. ಒಂದೆರಡು ತುಂಡು ಒಳಗೂ ಹಾಕಾನ."

"ಸಾಲಲ್ಲ ಕಣೇ. ಹಲಗೇಲಿ ಸುಟ್ರೆ ಬಾತು ನಾರುತ್ತೆ, ಬಾಯಿಗಿಡಕ್ಕಾಗಲ್ಲ. ಹೋದ ವರ್ಷ ಮೂಲೆ ಮನೆಯವರು ಬಣ್ಣದ ಬಾಗಿಲು ಒಡೆದು ಸುಟ್ಟು, ನಾಯಿಗೂ ಬ್ಯಾಡಾಯ್ತು."

ನಾನು ತಲೆಯಾಡಿಸಿದೆ. ಸರಿ ಅನ್ನಿಸಿತು. ಇಡೀ ಕೇರಿಯಲ್ಲಿ ಆವತ್ತು ಎಲ್ಲರೂ ಮಾಡಿದ್ದು ಅದನ್ನೇ. ಅಂಗಳದಲ್ಲಿ ಬಾತಿಗೆ ಒಳ್ಳೆ ಸೌದೆ, ಒಳಗೆ ಮಕ್ಕಳ ಪಕ್ಕದಲ್ಲಿ ಹಲಗೆ.

ಸಂಜೆಯಾಗುವ ಹೊತ್ತಿಗೆ ಒಲೆಯ ಬೂದಿ ಪೆಟ್ಟಿಗೆ ತುಂಬಿತು. ತೆಗೆಯುವಂತಿಲ್ಲ. ಕೊಳವೆ ಎಳೆಯಲಿಲ್ಲ, ಹೊಗೆ ಮನೆಯೊಳಕ್ಕೇ ತಿರುಗಿತು. ನಾನು ಬಾತಿನ ಪುಕ್ಕ ಕೀಳುತ್ತ ಕೂತಿದ್ದೆ. ನೆವ್ರೀಯಾ ಒಲೆಯ ಪಕ್ಕದ ಹಾಸಿಗೆಯಲ್ಲಿದ್ದಳು. ಅವಳ ಕೆಮ್ಮು ನಿಂತಿತು. ಪುಣ್ಯಕ್ಕೆ ನಿದ್ದೆ ಬಂತು ಅಂದುಕೊಂಡೆ. ತಿರುಗಿ ನೋಡಿದರೆ ಕಣ್ಣು ತೆರೆದಿದೆ. ಬಾಯಿ ತೆರೆದಿದೆ. ಕೆಮ್ಮುವುದಕ್ಕೂ ಗಾಳಿಯಿಲ್ಲ. ತುಟಿ ನೇರಳೆ ಬಣ್ಣವಾಗಿತ್ತು.

ಇಲ್ಯಾಜ್ ಸೈಕಲ್ಲಿನ ದೊಡ್ಡ ಪೆಟ್ಟಿಗೆಯಲ್ಲಿದ್ದ ತಾಮ್ರ, ಕಬ್ಬಿಣ ಎಲ್ಲ ರಸ್ತೆಗೆ ಸುರಿದ. ಅವಳನ್ನು ಕಂಬಳಿಯಲ್ಲಿ ಸುತ್ತಿ ನಾನು ಪೆಟ್ಟಿಗೆಯೊಳಗೆ ಕೂತೆ. ಗುಂಡಿಯ ಏರು ಹತ್ತುವಾಗ ಅವನು ಇಳಿದು ತಳ್ಳಿದ. ಅವನ ಬೆವರು ನನ್ನ ಮುಖದ ಮೇಲೆ ಬೀಳುತ್ತಿತ್ತು. ನಾನು ನನ್ನ ಬಾಯಿಂದ ಅವಳ ಬಾಯಿಗೆ ಊದುತ್ತಿದ್ದೆ. ನನ್ನೊಳಗಿದ್ದದ್ದೂ ಅದೇ ಹೊಗೆ.

ಆಮ್ಲಜನಕದ ಕೊಳವೆ ಹಾಕಿದರು. ಕೈಗೆ ಸೂಜಿ ಚುಚ್ಚಿದರು. ತುಂಬ ಹೊತ್ತಿನ ಮೇಲೆ ತುಟಿಗೆ ಬಣ್ಣ ಬಂತು. ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. "ಏನು ಸುಟ್ರಿ?"

"ಪುರಸಭೆಯೋರು ಕೊಟ್ಟಿದ್ದು."

ನನ್ನ ಲಂಗಕ್ಕೆ ಸಿಕ್ಕಿಕೊಂಡಿದ್ದ ಒಂದು ಚೂರನ್ನು ಕಿತ್ತು ಮೇಜಿನ ಮೇಲಿಟ್ಟೆ. ಅವರು ಅದನ್ನು ಮೂಸಿದರು. ಉಗುರಿನಿಂದ ಬಿಳಿ ಚರ್ಮ ಕೆರೆದರು. ಮೊದಲ ಸಲ ನನ್ನ ಮುಖ ನೋಡಿದರು.

"ಇದಿರೋ ಮನೆಗೆ ಮಗೂನ ಕಳಿಸೋಕಾಗಲ್ಲ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲೂ ಆಗಲ್ಲ."

ಬೆಳಗಾಗುತ್ತಿದ್ದಂತೆ ಇಲ್ಯಾಜ್ ಅವಳ ಬಳಿ ಉಳಿದ. ನಾನು ಗುಂಡಿಗೆ ನಡೆದು ಬಂದೆ. ಅತಿಥಿ ಬರುತ್ತಾನಲ್ಲ.

ಬಾಗಿಲಿಗೆ ಕೈ ಹಾಕಿದೆ. ಒಳಗಿನಿಂದ ಅತ್ತೆ ಕೂಗಿದಳು. "ಒಳಗೆ ಬರ್ಬ್ಯಾಡ. ನಿನ್ನ ಕಾಲು ಮೊದಲಾಗ್ತದೆ. ಕೂಸು?"

"ಉಸಿರಾಡ್ತಾವಳೆ."

ಒಳಗೆ ಅವಳು ಅಳುವುದು ಕೇಳಿಸಿತು. ಆಮೇಲೆ ಕಿಟಕಿಯ ಪ್ಲಾಸ್ಟಿಕ್ಕಿನ ಮೂಲೆ ಎತ್ತಿ, ಉಪ್ಪು ಸವರಿದ ಬಾತನ್ನು ಹೊರಗೆ ಕೊಟ್ಟಳು. "ಅಲ್ಲೇ ಕೂತು ಸುಡು. ಆ ದೊರೆ ಹತ್ತು ಗಂಟೆಗೆ ಬರೋದಂತೆ. ಬೆಳಕು ಚೆನ್ನಾಗಿರ್ಬೇಕಂತೆ."

ನನ್ನ ಮನೆಯ ಹೊರಗೆ, ಆ ಮಂಜಿನಲ್ಲಿ, ನಾನು ಪೀಪಾಯಿಯ ಮುಂದೆ ಕೂತೆ. ಕೈ ಮರಗಟ್ಟಿತ್ತು. ಬಾತು ಕಬ್ಬಿಣದ ಸಲಾಕೆಯ ಮೇಲೆ ಬೆಳ್ಳಗೆ, ದಪ್ಪಗೆ, ಮಿರಿಮಿರಿ ಮಿಂಚುತ್ತಿತ್ತು. ಪಕ್ಕದಲ್ಲಿ ಓಕ್ ಸೌದೆ. ಒಂದನ್ನು ಎತ್ತಿ ಮೂಸಿದೆ. ಒಣ ಎಲೆಯ ವಾಸನೆ. ಬೇಸಿಗೆಯ ವಾಸನೆ. ಸತ್ತ ಹಕ್ಕಿಗೆ ಇದು. ಅದು ನಾರಬಾರದು ಅಂತ.

ಅಂಗಳದ ಮೂಲೆಗೆ ಹೋಗಿ ಕಾರಿಕೊಂಡೆ. ಖಾಲಿ ಹೊಟ್ಟೆಯಿಂದ ಹಳದಿ ನೀರು ಬಂತು. ರಾದಿವೊಯೆಯ ಮೇಲೆ ಅಸಹ್ಯ, ಮಿಲೂಟಿನ್ ಮೇಲೆ ಅಸಹ್ಯ, ಬೆಟ್ಟದ ಮೇಲೆ ನಿಂತು ಮಂಜಿನ ಫೋಟೋ ತೆಗೆಯುವವರ ಮೇಲೆ ಅಸಹ್ಯ. ಎಲ್ಲಕ್ಕಿಂತ ನಮ್ಮ ಮೇಲೆ. ಹಲಗೆಯ ಹೊಗೆ ಮಾಂಸಕ್ಕೆ ಆಗದು ಅಂತ ನಮಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಸೌದೆಯನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟೆ. ಗೋಡೆಗೆ ಒರಗಿಸಿದ್ದ ಹಲಗೆ ತಂದು ಪೀಪಾಯಿಗೆ ತುಂಬಿದೆ. ಬೆಂಕಿ ಕೊಟ್ಟೆ. ಬಿಳಿ ಚರ್ಮ ಗುಳ್ಳೆಯೆದ್ದು, ಕರಗಿ, ತೊಟ್ಟಿಕ್ಕಿತು. ಕಪ್ಪು ಹೊಗೆ ಬಾತನ್ನು ಸುತ್ತಿಕೊಂಡಿತು.

ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ಕಿನ ಮೂಲೆ ಎದ್ದಿತು. ಅತ್ತೆಯ ಮೂಗು, ಆಮೇಲೆ ಮುಖ.

"ಏನೇ ಅದು ನಾತ? ಬಾತಿಗೆ ಹಲಗೆ ಹಾಕಿದ್ಯಾ? ನಿಂಗೇನು ಬುದ್ಧಿ ಕೆಟ್ಟಿತಾ? ತಿನ್ನಕ್ಕಾಗುತ್ತಾ ಅದನ್ನ?"

"ತಿನ್ನಕ್ಕಾಗಲ್ಲ ಅಂತ ನಿಂಗೆ ನೆನ್ನೇನೇ ಗೊತ್ತಿತ್ತಲ್ಲತ್ತೆ. ನಂಗೂ ಗೊತ್ತಿತ್ತು."

ಅವಳು ನನ್ನನ್ನು ನೋಡಿದಳು. ಬಾತನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ನಲವತ್ತು ವರ್ಷ ಈ ಹಬ್ಬವನ್ನು ಒಂದು ಕೂದಲು ಆಚೀಚೆಯಾಗದ ಹಾಗೆ ನಡೆಸಿದವಳು.

"ಇನ್ನೊಂದು ಹಲಗೆ ಹಾಕು," ಅಂದಳು.

ಹತ್ತು ಗಂಟೆಗೆ ಬಂದರು. ರಾದಿವೊಯೆ, ಮಿಲೂಟಿನ್, ಕ್ಯಾಮೆರಾ ಹಿಡಿದ ಹುಡುಗಿ. ಕೇರಿಯ ಹೆಂಗಸರು ಬಾಗಿಲ ಮುಂದೆ ಗುಂಪುಗೂಡಿದರು. ರಾದಿವೊಯೆ ಬಲಗಾಲಿಟ್ಟು ಒಳಗೆ ಬಂದರು, ಯಾರೋ ಹೇಳಿಕೊಟ್ಟಿದ್ದರು. ಅವರ ಹಿಂದೆ ಸುಟ್ಟ ಬಾತು ಹಿಡಿದು ನಾನು ನನ್ನ ಮನೆಗೆ ಬಂದೆ. ಅವರು ಕಡ್ಡಿಯಿಂದ ಒಲೆ ಕೆದಕಿದರು. "ಎಷ್ಟು ಕಿಡಿಯೋ ಅಷ್ಟು ಆರೋಗ್ಯ ಈ ಮನೆಗೆ," ಅಂದರು. ಕಿಡಿಗಿಂತ ಹೊಗೆ ಹೆಚ್ಚು ಬಂತು. ಅವರು ಕೆಮ್ಮಿದರು, ಕಣ್ಣೊರೆಸಿಕೊಂಡರು, ಕ್ಯಾಮೆರಾದ ಹುಡುಗಿಗೆ ಇದನ್ನು ತೆಗೆದುಹಾಕು ಎಂದು ಸನ್ನೆ ಮಾಡಿದರು.

"ಮಗು ಎಲ್ಲಮ್ಮ? ತೊಡೆ ಮೇಲೆ ಕೂರಿಸ್ಕೊಳ್ತೀನಿ."

"ಹಬ್ಬದೂಟ ಮೊದ್ಲು ಸ್ವಾಮಿ. ಮೊದಲ ತುಂಡು ನಿಮ್ದು," ಅಂದಳು ಅತ್ತೆ. ತೊಡೆಯ ದಪ್ಪ ತುಂಡನ್ನು ಹರಿದು ತಟ್ಟೆಗೆ ಹಾಕಿದಳು. ಹೊರಗೆ ನೋಡಲು ಅದು ಚೆನ್ನಾಗಿಯೇ ಇತ್ತು, ಕಂದು ಬಣ್ಣ, ಜಿಡ್ಡು ಸುರಿಯುತ್ತಿತ್ತು.

ಕ್ಯಾಮೆರಾ ಹತ್ತಿರ ಬಂತು. ಅವರು ದೊಡ್ಡದಾಗಿ ಬಾಯಿ ತೆರೆದು ಕಚ್ಚಿದರು. ಎರಡು ಸಲ ಜಗಿದರು. ಮುಖ ಬದಲಾಯಿತು. ನುಂಗಲು ನೋಡಿದರು, ಗಂಟಲು ಒಪ್ಪಲಿಲ್ಲ. ಕರವಸ್ತ್ರಕ್ಕಾಗಿ ಜೇಬು ತಡಕಿದರು, ಸಿಗಲಿಲ್ಲ. ನಮ್ಮ ನೆಲದ ಮೇಲೆ ಉಗುಳಿದರು. ಜಗಿದ ಮಾಂಸ, ಜೊಲ್ಲು, ಜಿಡ್ಡು. ಮತ್ತೆ ಮತ್ತೆ ಉಗುಳಿದರು.

"ಏನಿದು? ಏನು ಹಾಕಿದ್ದೀರಿ ಇದಕ್ಕೆ?"

"ಏನೂ ಹಾಕಿಲ್ಲ. ನೀವು ಕೊಟ್ಟ ಹಲಗೇಲಿ ಸುಟ್ಟೆ," ಅಂದೆ.

"ಅದು ಅಡುಗೆಗಲ್ಲ ಕಣಮ್ಮ. ಅಂಟು, ಬಣ್ಣ, ಏನೇನೋ ಇರುತ್ತೆ ಅದರಲ್ಲಿ. ಮನೆ ಬೆಚ್ಚಗಿಡೋಕೆ ಕೊಟ್ಟಿದ್ದು. ಮನುಷ್ಯರು ತಿನ್ನೋಕಾಗುತ್ತಾ?"

"ಆಗಲ್ಲ. ಮನುಷ್ಯರು ಉಸಿರಾಡಬೌದಾ?"

ಮಿಲೂಟಿನ್ ನನ್ನ ತೋಳು ಹಿಡಿದು ಎಳೆದ. ನಾನು ಕೊಡವಿಕೊಂಡೆ.

"ಮಗು ಎಲ್ಲಿ ಅಂತ ಕೇಳಿದ್ರಲ್ಲ. ಆಸ್ಪತ್ರೇಲವಳೆ. ಮೂಗಿಗೆ ಕೊಳವೆ ಹಾಕ್ಕೊಂಡು. ನೀವು ಒಂದೇ ತುತ್ತು ತಿಂದ್ರಿ, ಬಾಯಿಗೆ ಹಿಡಿಸಲಿಲ್ಲ, ಉಗುಳಿದ್ರಿ. ಅವಳಿಗೆ ಉಗುಳಕ್ಕೆ ಬರಲ್ಲ. ವಾರದಿಂದ ಇದನ್ನೇ ಎಳ್ಕೊಂಡವಳೆ."

"ನಿಮ್ಮಂಥೋರಿಗೆ ಸಹಾಯ ಮಾಡೋದೇ ತಪ್ಪು," ಅಂದರು ಅವರು. ಬಾಗಿಲಿನತ್ತ ತಿರುಗಿದರು.

ಅತ್ತೆ ಅಡ್ಡ ನಿಂತಳು. ಮೊದಲ ಅತಿಥಿಗೆ ಕೊಡಲೆಂದು ತಾನೇ ಹೂ ಹೆಣೆದ ಟವೆಲ್ಲೊಂದನ್ನು ತೆಗೆದಿಟ್ಟಿದ್ದಳು. ಅದನ್ನು ನೆಲಕ್ಕೆ ಹಾಸಿದಳು. ಒಲೆಯ ಪಕ್ಕದ ಹಲಗೆ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದಳು. ನಾಲ್ಕು ತುದಿ ಹಿಡಿದು ಗಂಟು ಹಾಕಿದಳು. ಅವಸರ ಮಾಡಲಿಲ್ಲ. ಗಂಟನ್ನು ಎತ್ತಿ ರಾದಿವೊಯೆಯ ಎರಡೂ ಕೈಗೆ ಕೊಟ್ಟಳು.

"ಬರಿಗೈಲಿ ಕಳಿಸಬಾರದು ಸ್ವಾಮಿ. ನಿಮ್ಮ ಮನೆ ಬೆಚ್ಚಗಿರಲಿ. ಮೊಮ್ಮಕ್ಕಳು ಮಲಗೋ ಕೋಣೇಲೇ ಹಚ್ಚಿ."

ಹೊರಗೆ ಹೆಂಗಸರು ದಾರಿ ಬಿಟ್ಟರು. ಒಬ್ಬಳು ನಕ್ಕಳು. ಕ್ಯಾಮೆರಾದ ಹುಡುಗಿ ಇನ್ನೂ ತೆಗೆಯುತ್ತಲೇ ಇದ್ದಳು, ಹಾಗಾಗಿ ಅವರು ಗಂಟನ್ನು ಹೊತ್ತುಕೊಂಡೇ ಹೋಗಬೇಕಾಯಿತು. ಗುಂಡಿಯ ಏರು ಹತ್ತಿದ ಮೇಲೆ, ಮಂಜಿನಲ್ಲಿ ಯಾರಿಗೂ ಕಾಣದು ಅಂದುಕೊಂಡು, ಕಾರಿನ ಪಕ್ಕ ಅದನ್ನು ಕೆಳಗೆ ಬಿಟ್ಟು ಹೋದರು. ನಮ್ಮ ಚಿತ್ರ ಟಿವಿಯಲ್ಲಿ ಬರಲಿಲ್ಲ.

ಮಿಲೂಟಿನ್ ಹೋಗುವ ಮೊದಲು ಕೈ ಚಾಚಿದ. ನಾನು ಕಿತ್ತಳೆ ಮೇಲಂಗಿ ಬಿಚ್ಚಿ ಕೊಟ್ಟೆ. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದ.

ಬಾಗಿಲು ಹಾಕಿದ ಮೇಲೆ ಅತ್ತೆ ಒಲೆಗೆ ಒಂದು ಕೊಡ ನೀರು ಸುರಿದಳು. ಹಬ್ಬದ ಬೆಂಕಿ ಬುಸ್ಸೆಂದು ಆರಿತು. ಬೂದಿ ಪೆಟ್ಟಿಗೆ ಎಳೆದು, ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲಿದಳು. ಕಿಟಕಿಯ ಪ್ಲಾಸ್ಟಿಕ್ಕಿನ ಮೊಳೆಗಳನ್ನು ನಾನು ಕಿತ್ತೆ. ಮನೆ ತಣ್ಣಗಾಯಿತು. ಅವಳು ನೆಲದ ಮೇಲಿದ್ದ ಉಗುಳನ್ನು ಬಳಿದು, ಸೋಪು ಹಾಕಿ ಉಜ್ಜಿದಳು, ಮತ್ತೆ ಉಜ್ಜಿದಳು. ಓಕ್ ಸೌದೆಯನ್ನು ಒಳಗೆ ತಂದು ನೆವ್ರೀಯಾಳ ಹಾಸಿಗೆಯ ಪಕ್ಕ ಒಟ್ಟಿದೆವು. ಹೆಚ್ಚಿರಲಿಲ್ಲ. ಅತ್ತೆ ಅದನ್ನು ಎರಡು ಸಲ ಎಣಿಸಿದಳು.

ಹಬ್ಬ ಮುಗಿದ ಮಾರನೆಯ ದಿನ, ಆ ಹಲಗೆ ಇನ್ನು ಸುಡುವುದಿಲ್ಲ ಎಂದು ಡಾಕ್ಟರಮ್ಮನಿಗೆ ಮಾತು ಕೊಟ್ಟು, ಇಲ್ಯಾಜ್ ಮತ್ತು ನಾನು ನೆವ್ರೀಯಾಳನ್ನು ಸೈಕಲ್ಲಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಬಂದೆವು. ಗುಂಡಿಯ ಅಂಚಿನಲ್ಲಿ ಗಂಟು ಹಾಗೆಯೇ ಬಿದ್ದಿತ್ತು. ನಮ್ಮ ಕೇರಿಯಲ್ಲಿ ಉರಿಯುವಂಥದ್ದು ಯಾವುದೂ ಬಿದ್ದ ಜಾಗದಲ್ಲಿ ಉಳಿಯುವುದಿಲ್ಲ. ಹರಿದ ಚಪ್ಪಲಿಯನ್ನೂ ಬಿಡುವುದಿಲ್ಲ. ಇದನ್ನು ಯಾರೂ ಮುಟ್ಟಿರಲಿಲ್ಲ. ಅಷ್ಟು ಒಳ್ಳೆಯ ಟವೆಲ್ಲನ್ನೂ ಬಿಚ್ಚಿಕೊಂಡಿರಲಿಲ್ಲ.

"ಅವ್ವ, ಅಜ್ಜಿ ಟವಲ್ಲು," ಅಂದಳು ನೆವ್ರೀಯಾ. ದನಿ ಇನ್ನೂ ಗೊರಗೊರ ಅನ್ನುತ್ತಿತ್ತು. "ಯಾರು ಬುಟ್ಟೋದ್ರು?"

"ಮನೆಗೆ ಬಂದಿದ್ದೋರು."

"ಮರ್ತೋದ್ರಾ?"

"ಇಲ್ಲ ಮಗ. ಅದರ ವಾಸನೆ ಅವರಿಗೆ ಆಗಲ್ಲವಂತೆ."

ಅವಳು ಮೂಗಿಗೆ ಎರಡೂ ಕೈ ಅಡ್ಡ ಹಿಡಿದುಕೊಂಡಳು. ಇಲ್ಯಾಜ್ ಬ್ರೇಕು ಹಿಡಿದು ನಿಧಾನಕ್ಕೆ ಗುಂಡಿಗೆ ಇಳಿಸಿದ.